ಜಂತುಹುಳುವಿನ ಔಷಧಿ ಆಲ್ಬೆಂಡಜೋಲ್ ಹಾಕಿದರೂ ಗದ್ದದ ಬಾವು ಮತ್ತೆ ಬರುತ್ತಿದೆ (ತೀರ್ಥಹಳ್ಳಿ ಕಡೆ)

ಬೈಲುಗದ್ದೆ: ಮೂರು ಮಲೆನಾಡು ಗಿಡ್ಡ ಹಸು, ಒಂದು ಜರ್ಸಿ ಕ್ರಾಸ್. ಕೊಯ್ಲಾದ ಮೇಲೆ ಬೈಲು ಗದ್ದೆ, ಪಕ್ಕದ ಹಡ್ಲಿನಲ್ಲಿ (ಪಾಳು ಬಿದ್ದ ಜೌಗು ಗದ್ದೆ) ಮೇವು. ಫೆಬ್ರವರಿಯಿಂದ ಗದ್ದದ ಕೆಳಗೆ ನೀರು ತುಂಬಿದ ಬಾವು, ಕಣ್ಣಿನ ಒಳರೆಪ್ಪೆ ಬಿಳಿಚಿದೆ. ಆಲ್ಬೆಂಡಜೋಲ್ ಕೊಟ್ಟಾಗ ಇಳಿದು ಮತ್ತೆ ಬಂತು. ಸಗಣಿ ಪರೀಕ್ಷೆಯಲ್ಲಿ "ಮೊಟ್ಟೆ ಇಲ್ಲ". ಐವರ್ಮೆಕ್ಟಿನ್ ಚುಚ್ಚಿಸಲೇ?

ಸಗಣಿಗುಪ್ಪೆ: ಐವರ್ಮೆಕ್ಟಿನ್ ದುಂಡು ಹುಳುವಿಗೆ ಸರಿ, ಚಪ್ಪಟೆ ಹುಳುವಿಗೆ ಏನೂ ಆಗುವುದಿಲ್ಲ. ಬೈಲು, ಹಡ್ಲು, ಫೆಬ್ರವರಿ ಮೂರೂ ಸೇರಿದರೆ ಮೊದಲ ಅನುಮಾನ ಲಿವರ್ ಫ್ಲೂಕ್ ಎಂಬ ಲಿವರ್‌ನ ಚಪ್ಪಟೆ ಹುಳು, ಅಂದರೆ ಫ್ಯಾಸಿಯೋಲಾ ಜೈಗಾಂಟಿಕಾ. ರಕ್ತ ಹೀರುವ ದುಂಡು ಹುಳುವಿನಿಂದಲೂ ಇದೇ ಬಾವು ಬರುತ್ತದೆ, ಹಾಗಾಗಿ ಪರೀಕ್ಷೆ ಸರಿಯಾಗಿ ಆಗಬೇಕು.

ಯಾವ ವಿಧಾನದಲ್ಲಿ ನೋಡಿದರು ಎಂದು ಕೇಳಿ. ಉಪ್ಪುನೀರಿನಲ್ಲಿ ತೇಲಿಸಿದ್ದರೆ ಫ್ಲೂಕ್ ಮೊಟ್ಟೆ ಸಿಗುವುದಿಲ್ಲ. ಅದು ಭಾರ, ತಳಕ್ಕಿಳಿಯುತ್ತದೆ. 3 ಗ್ರಾಂ ಸಗಣಿಯನ್ನು 50 ಮಿ.ಲೀ. ನೀರಿನಲ್ಲಿ ಕದಡಿ, ಚಹಾ ಜರಡಿಯಲ್ಲಿ ಸೋಸಿ, 5 ನಿಮಿಷ ಬಿಟ್ಟು ಮೇಲಿನ ನೀರು ಬಗ್ಗಿಸಬೇಕು. ನೀರು ತಿಳಿಯಾಗುವ ತನಕ ಹೀಗೇ ಮಾಡಿ, ತಳದ ಗಸಿಗೆ ಒಂದು ಹನಿ ಮೆಥಿಲೀನ್ ಬ್ಲೂ ಹಾಕಿ ನೋಡಬೇಕು. ಹೊಂಬಣ್ಣದ ಮೊಟ್ಟೆ ಲಿವರ್ ಫ್ಲೂಕ್‌ನದು, ಬಣ್ಣವಿಲ್ಲದ್ದು ಆಂಫಿಸ್ಟೋಮ್ ಎಂಬ ಹೊಟ್ಟೆಯ ಫ್ಲೂಕ್‌ನದು. ಹುಲ್ಲಿನ ಜೊತೆ ಒಳಹೋದ ಮರಿ ಮೊಟ್ಟೆಯಿಡಲು ಮೂರು-ನಾಲ್ಕು ತಿಂಗಳು ಬೇಕು. ಅಲ್ಲಿಯ ತನಕ ಲಿವರ್ ಕೊರೆಯುತ್ತಿದ್ದರೂ ಸಗಣಿಯಲ್ಲಿ ಸುಳಿವಿರುವುದಿಲ್ಲ.

ಬೈಲುಗದ್ದೆ: ಹಾಗಾದರೆ ಔಷಧಿ ಸೋತದ್ದೇಕೆ? ಫ್ಲೂಕ್ ಹರಡುವುದು ಬಸವನಹುಳುವಿನಿಂದಂತೆ; ತೋಟದ ಸಿಂಬಳದ ಹುಳುವಿಗೆ ತಂದ ಮೆಟಾಲ್ಡಿಹೈಡ್ ವಿಷ ಉಳಿದಿದೆ, ಬೈಲಿಗೆ ಚೆಲ್ಲಲೇ?

ಸಗಣಿಗುಪ್ಪೆ: ಚೆಲ್ಲಬೇಡಿ ಮಾರಾಯ್ರೇ, ದನ-ನಾಯಿ ತಿಂದರೆ ಸಾಯುತ್ತವೆ. ಆಲ್ಬೆಂಡಜೋಲ್ ಬಲಿತ ಫ್ಲೂಕ್‌ಗೆ ಮಾತ್ರ ತಾಗುತ್ತದೆ, ಅದೂ ಕೆಜಿಗೆ 10 ಮಿ.ಗ್ರಾಂ.ನಂತೆ ಕೊಟ್ಟರೆ. ದುಂಡು ಹುಳುವಿನ ಡೋಸ್ 7.5, ಅದು ಸಾಲದು. ತೂಕವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ: ಎದೆ ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ (ಎರಡೂ ಇಂಚಿನಲ್ಲಿ) 660ರಿಂದ ಭಾಗಿಸಿ. ಸುತ್ತಳತೆ 47, ಉದ್ದ 37 ಇದ್ದರೆ ಸುಮಾರು 124 ಕೆಜಿ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು.

ಮರಿ ಫ್ಲೂಕ್‌ಗೆ ಟ್ರೈಕ್ಲಾಬೆಂಡಜೋಲ್, ಕೆಜಿಗೆ 12 ಮಿ.ಗ್ರಾಂ. ಹಾಲು ಕೊಡುವ ಹಸುವಿಗೆ ಬೇಡ, ಬತ್ತಿದ ಮೇಲೆ. ಆಂಫಿಸ್ಟೋಮ್‌ಗೆ ಅದು ನಾಟುವುದಿಲ್ಲ, ಅಲ್ಲಿ ಆಕ್ಸಿಕ್ಲೋಜನೈಡ್ ಬೇಕು. ಯಾವುದನ್ನೇ ಆದರೂ ಪಶುವೈದ್ಯರನ್ನು ಕೇಳಿ ಕೊಡಿ. ಹಾಲು ಎಷ್ಟು ದಿನ ಬಿಡಬೇಕೆಂದು ಚೀಟಿಯಲ್ಲಿ ನೋಡಿ.

ಹೊಂಡದಂಚು: ಔಷಧಿ ಅರ್ಧ ಕೆಲಸ, ಉಳಿದದ್ದು ಬಸವನಹುಳುವಿನದು. ಉಣುಗು ಕಚ್ಚಿ ಮಂಗನ ಕಾಯಿಲೆ ದಾಟಿಸುವ ಹಾಗೆ ಇದು ಕಚ್ಚುವುದಿಲ್ಲ. ಫ್ಲೂಕ್ ಮೊಟ್ಟೆ ನೀರಿನಲ್ಲಿ ಒಡೆದು ಬಂದ ಮರಿಗೆ ಒಂದು ದಿನದೊಳಗೆ ಲಿಮ್ನಿಯಾ ಜಾತಿಯ ಬಸವನಹುಳು ಸಿಗದಿದ್ದರೆ ಅದು ಅಲ್ಲಿಗೇ ಮುಗಿಯಿತು. ಸಿಕ್ಕರೆ ಒಳಗೇ ಒಂದು ನೂರಾರಾಗುತ್ತದೆ, ವಾರಗಟ್ಟಲೆ ಹೊರಬಂದು ಹುಲ್ಲಿಗಂಟಿ ಗೂಡು ಕಟ್ಟುತ್ತದೆ. ದನದ ಮೈಯಲ್ಲಿ ಈ ಹೆಚ್ಚಳ ಆಗುವುದಿಲ್ಲ, ತಿಂದಷ್ಟೇ ಹುಳು. ಹಾಗಾಗಿ ದನಕ್ಕೆ ಎಷ್ಟು ಹುಳು ಎಂಬುದು ಹಡ್ಲಿನಲ್ಲೇ ತೀರ್ಮಾನ.

ಗುರುತು: ಲಿಮ್ನಿಯಾಕ್ಕೆ ಮೊನೆಯಿರುವ ತೆಳು ಚಿಪ್ಪು, ಮೊನೆ ಮೇಲೆ ಮಾಡಿ ಬಾಯಿ ನಿಮ್ಮ ಕಡೆ ತಿರುಗಿಸಿದರೆ ಬಾಯಿ ಬಲಕ್ಕೆ. ಚಕ್ಕುಲಿಯ ಹಾಗೆ ಚಪ್ಪಟೆ ಸುತ್ತಿದ್ದು ಇಂಡೋಪ್ಲಾನಾರ್ಬಿಸ್; ಆಂಫಿಸ್ಟೋಮ್ ಮತ್ತು ಮೂಗಿನ ಗೊರಕೆ ರೋಗ ಅದರ ಪಾಲು. (ಗೊರಕೆ ರೋಗದ ಮರಿ ಹುಲ್ಲಿಗೆ ಕಾಯುವುದಿಲ್ಲ, ನೀರಿಗಿಳಿದ ದನದ ಚರ್ಮವನ್ನೇ ತೂರುತ್ತದೆ. ನಾಟಿ ಮಾಡುವವರ ಕಾಲು ತುರಿಸುವುದಕ್ಕೂ ಇಂಥ ಮರಿಗಳು ಕಾರಣವಾಗುತ್ತವೆ.) ಸಿಂಬಳದ ಹುಳು ನೆಲದ್ದು, ಇದರಲ್ಲಿ ಅದರ ತಪ್ಪಿಲ್ಲ.

ಮೈಲುತುತ್ತ ಸುರಿದರೆ ಮೀನು ಸಾಯುತ್ತದೆ, ಮುಂದಿನ ಮಳೆಗೆ ಬಸವನಹುಳು ವಾಪಸ್. ಬಸಿಗಾಲುವೆ ಎತ್ತಿಸಿ ನಿಂತ ನೀರು ಹರಿಸಿ, ಹಡ್ಲಿನ ತೇವದ ಭಾಗಕ್ಕೆ ಬೇಲಿ ಹಾಕಿ, ನೀರನ್ನು ತೊಟ್ಟಿಯಲ್ಲಿ ಕುಡಿಸಿ. ಬಾತುಕೋಳಿ ಬಿಟ್ಟರೂ ಸಹಾಯ. ಹಸಿ ಸಗಣಿ ಬೈಲಿಗೆ ಹಾಕದೆ ಗುಂಡಿಯಲ್ಲಿ ಕೊಳೆಸಿ. ಮಳೆಗೆ ಮುಂಚೆ ಒಂದು ಡೋಸ್ ಬಿದ್ದರೆ ಹೊಸ ಮೊಟ್ಟೆ ನೀರು ಸೇರುವುದು ಕಡಿಮೆ.

ಬೈಲುಗದ್ದೆ: ಬೇಲಿ ಹಾಕಿದರೆ ಮೇವಿಲ್ಲ. ಅಲ್ಲಿಂದ ಕೊಯ್ದು ತರಬಹುದೇ?

ಹೊಂಡದಂಚು: ತನ್ನಿ. ಗೂಡು ಇರುವುದು ನೀರಿನ ಮಟ್ಟದ ಆಸುಪಾಸಿನ ಕಾಂಡದಲ್ಲಿ. ಒಂದು ಗೇಣು ಮೇಲಕ್ಕೆ ಕೊಯ್ಯಿರಿ, ಬುಡ ಬೇಡ. ಬಿಸಿಲಿನಲ್ಲಿ ಗರಿಗರಿ ಒಣಗಿಸಿಯೇ ಹಾಕಿ. ತೇವ ಉಳಿದ ರಾಶಿಯೊಳಗೆ ಅದು ತಿಂಗಳುಗಟ್ಟಲೆ ಬದುಕಿರುತ್ತದೆ.