ಅಜ್ಜನ ಡಬ್ಬಿಯ ನಾಣ್ಯಗಳನ್ನು ತೊಳೆಯಬಹುದೇ?

ಉದ್ಯಾವರದ ಮೊಮ್ಮಗ:
ಮಳೆಗಾಲಕ್ಕೆ ಮುನ್ನ ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ಅಜ್ಜನ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಅದರಲ್ಲಿ ಹನ್ನೊಂದು ಬೆಳ್ಳಿ ರೂಪಾಯಿಗಳು, ಮೂವತ್ತಕ್ಕೂ ಹೆಚ್ಚು ದಪ್ಪ ತಾಮ್ರದ ನಾಣ್ಯಗಳು, ಹಿರಿಯರು ‘ಒಟ್ಟೆ ಮುಕ್ಕಾಲು’ ಎನ್ನುತ್ತಿದ್ದ ನಡುವೆ ತೂತಿರುವ ಕಾಸುಗಳು, ಆನೆಯ ಚಿತ್ರದ ಒಂದು ತಾಮ್ರದ ಬಿಲ್ಲೆ ಮತ್ತು ಹನುಮಂತನ ಚಿತ್ರದೊಂದಿಗೆ 1818 ಎಂದು ಕೆತ್ತಿರುವ ಇನ್ನೊಂದು ನಾಣ್ಯ ಇವೆ. ತಾಮ್ರದವುಗಳಲ್ಲಿ ಅರ್ಧದಷ್ಟನ್ನು ಬಿಂಬುಳಿ ರಸ ಮತ್ತು ಒಲೆಯ ಬೂದಿಯಿಂದ ತಿಕ್ಕಿದ್ದೇನೆ. ಈಗ ಕಾಲುದೀಪದಂತೆ ಹೊಳೆಯುತ್ತಿವೆ. ಬೆಳ್ಳಿಯ ಪೈಕಿ ಒಂದು 1939ರದ್ದು, ಅದಕ್ಕೆ ಲಕ್ಷಗಟ್ಟಲೆ ಬೆಲೆಯಿದೆಯೆಂದು ನೆಂಟರೊಬ್ಬರು ಹೇಳುತ್ತಾರೆ. ಉಳಿದವನ್ನೂ ತೊಳೆದು, ದರ್ಜೆಯ ಪ್ರಮಾಣಪತ್ರ ಮಾಡಿಸಿ ಮಾರುವುದು ಸರಿಯೇ?

ತಾಮ್ರಪ್ರಿಯ:
ದಯವಿಟ್ಟು ಬಿಂಬುಳಿಯನ್ನು ಸಾರಿಗೆ ಮಾತ್ರ ಬಳಸಿ. ತಾಮ್ರದ ಮೇಲೆ ನೂರು, ಇನ್ನೂರು ವರ್ಷಗಳಲ್ಲಿ ಕಟ್ಟಿಕೊಂಡ ಕಂದು ಪದರವು ಕೊಳೆಯಲ್ಲ. ಅದು ಲೋಹದ ಮೇಲ್ಮೈಯೇ ಗಾಳಿಯೊಡನೆ ಸೇರಿ ಆದ ಹೊದಿಕೆ, ಒಳಗಿನ ಲೋಹವನ್ನು ಕಾಯುವುದೂ ಅದೇ. ಹುಳಿಯು ಅದನ್ನು ಕರಗಿಸುವಾಗ ಅಕ್ಷರಗಳ ಅಂಚನ್ನೂ ತಿನ್ನುತ್ತದೆ, ಬೂದಿಯು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಎಳೆಯುತ್ತದೆ. ನೀವು ದೀಪದಂತೆ ಎನ್ನುವ ಆ ಹೊಳಪನ್ನು ಯಾವ ಅನುಭವಿ ಸಂಗ್ರಾಹಕನೂ ದೂರದಿಂದಲೇ ಗುರುತಿಸಿ ಬೆಲೆಯನ್ನು ಅರ್ಧಕ್ಕಿಳಿಸುತ್ತಾನೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆಯಿದೆ: ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ತೇವದಲ್ಲಿ, ರಕ್ಷಣೆಯ ಪದರ ಕಳೆದುಕೊಂಡ ತಾಮ್ರಕ್ಕೆ ಪುಡಿಪುಡಿಯಾಗಿ ಉದುರುವ ತೆಳು ಹಸಿರು ಬೂಷ್ಟು ಬಹುಬೇಗ ಹಿಡಿಯುತ್ತದೆ. ಅಗ್ಗದ ಪಿವಿಸಿ ಹಾಳೆಗಳ ಆಲ್ಬಮಿನಲ್ಲಿ ಇಟ್ಟರೆ ಅಂಟಂಟಾದ ಹಸಿರು ಲೇಪ ಬೇರೆ. ಆ ಅಂಟನ್ನು ಶುದ್ಧ ಅಸಿಟೋನಿನಲ್ಲಿ ಅದ್ದಿ, ಉಜ್ಜದೆ ತೆಗೆಯುವುದಷ್ಟೇ ನಾನು ಒಪ್ಪುವ ಶುಚಿ. ಮಿಕ್ಕಂತೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಅಂಚನ್ನು ಮಾತ್ರ ಮುಟ್ಟುವ ಬೆರಳು, ಇಷ್ಟು ಸಾಕು.

ರಥಬೀದಿಯ ತಕ್ಕಡಿ:
ಇಷ್ಟೊಂದು ಭಕ್ತಿ ಏಕೆಂದು ನನಗೆ ಅರ್ಥವಾಗುವುದಿಲ್ಲ. ಮಂಗಳೂರಿನಲ್ಲಿ ಹಳೆಯ ಬೆಳ್ಳಿ ತಂದು ಕೊಡುವ ನೂರು ಮನೆಗಳಲ್ಲಿ ತೊಂಬತ್ತು ಮನೆಗಳ ರೂಪಾಯಿಗೆ ಬೆಳ್ಳಿಯ ಬೆಲೆಯೇ ನಿಜವಾದ ಬೆಲೆ. 1939ರವರೆಗಿನ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು, 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಈ ಲೆಕ್ಕ ತಿಳಿದರೆ ಯಾರೂ ಮೋಸಹೋಗುವುದಿಲ್ಲ. ಹೊಳೆದರೂ ಕಪ್ಪಾದರೂ ತಕ್ಕಡಿಗೆ ಎರಡೂ ಒಂದೇ.

ಕದ್ರಿಯ ಸಂಗ್ರಾಹಕಿ:
ತಕ್ಕಡಿಯವರು ಹೇಳಿದ ಲೆಕ್ಕ ಸರಿಯಾದದ್ದೇ, ಆದರೆ ಅದೇ ಲೆಕ್ಕವು ಅವರ ತೀರ್ಮಾನವನ್ನು ಸುಳ್ಳುಮಾಡುತ್ತದೆ. ತೂಕವೊಂದೇ ಬೆಲೆಯಾಗಿದ್ದರೆ ಐದನೆಯ ಜಾರ್ಜನ 1911ರ ರೂಪಾಯಿಯೂ 1912ರ ರೂಪಾಯಿಯೂ ಒಂದೇ ಬೆಲೆಗೆ ಹೋಗಬೇಕಿತ್ತು. 1911ರದ್ದರಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಾಣುತ್ತದೆಂದು ಜನ ಸಿಟ್ಟಾದದ್ದರಿಂದ ಸರಕಾರ ಅದನ್ನು ಹಿಂದೆಗೆದುಕೊಂಡು ಬಹುಪಾಲನ್ನು ಕರಗಿಸಿತು, ಮರುವರ್ಷ ಸೊಂಡಿಲನ್ನು ತಿದ್ದಿ ಅಚ್ಚು ಹಾಕಿಸಿತು. ಬೆಳ್ಳಿ ಅಷ್ಟೇ, ಬೆಲೆ ಬೇರೆ. ಹಾಗೆಂದು ಹಳತೆಲ್ಲ ದುಬಾರಿಯೆಂದೂ ಅಲ್ಲ. ಪ್ರಶ್ನೆ ಕೇಳಿದವರ ದಪ್ಪ ತಾಮ್ರದ ನಾಣ್ಯಗಳು ಬಹುಶಃ ಈಸ್ಟ್ ಇಂಡಿಯಾ ಕಂಪನಿಯ ಇಪ್ಪತ್ತು ಕಾಸಿನವು, 1803 ಅಥವಾ 1808 ಎಂದು ಇಸವಿ ಇರುತ್ತದೆ. ಮದರಾಸು ಪ್ರಾಂತ್ಯಕ್ಕಾಗಿ ಇಂಗ್ಲೆಂಡಿನಲ್ಲಿ ಅಚ್ಚಾಗಿ ಬಂದ ನಾಣ್ಯಗಳಿವು. ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿಗೇ ಸೇರಿದ್ದರಿಂದ ಇಲ್ಲಿನ ಹಳೆಯ ಪೆಟ್ಟಿಗೆಗಳಲ್ಲಿ ಇವು ಸಿಗುವುದು ಸಹಜ. ಇವನ್ನು ತುಂಬಿಕೊಂಡು ಹೊರಟಿದ್ದ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809ರಲ್ಲಿ ಇಂಗ್ಲೆಂಡಿನ ತೀರದಲ್ಲೇ ಮುಳುಗಿ, 1980ರ ದಶಕದಲ್ಲಿ ಆ ಸರಕನ್ನು ಮೇಲೆತ್ತಿದ ಮೇಲೆ 1808ರ ನಾಣ್ಯಗಳು ಮಾರುಕಟ್ಟೆಗೆ ರಾಶಿಯಾಗಿ ಬಂದವು. ಇನ್ನೂರು ವರ್ಷ ಹಳೆಯದಾದರೂ ಅಪರೂಪವಲ್ಲ.

ದರ್ಜೆಯ ಪ್ರಮಾಣಪತ್ರ ಮಾಡಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. 1949ರಲ್ಲಿ ಶೆಲ್ಡನ್ ಎಂಬವರು ಅಮೆರಿಕದ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದ 70 ಅಂಕಗಳ ಅಳತೆಯೇ ಇಂದಿಗೂ ದರ್ಜೆಯ ತಳಹದಿ. ತಿಕ್ಕಿದ ನಾಣ್ಯಕ್ಕೆ ದರ್ಜೆ ಕೊಡುವ ಸಂಸ್ಥೆಯವರು ಅಂಕವನ್ನೇ ಕೊಡದೆ ‘ಡೀಟೇಲ್ಸ್’ ಎಂದು ಬರೆದು, ಪಕ್ಕದಲ್ಲಿ ತೊಳೆಯಲಾಗಿದೆ ಎಂದು ಕಾಣಿಸುತ್ತಾರೆ. ಸಾಮಾನ್ಯ ನಾಣ್ಯಕ್ಕೆ ಶುಲ್ಕವೇ ಬೆಲೆಗಿಂತ ಹೆಚ್ಚಾಗುವುದರಿಂದ ಈ ಡಬ್ಬಿಯಲ್ಲಿ 1939ರದ್ದನ್ನು ಬಿಟ್ಟು ಬೇರಾವುದನ್ನೂ ಕಳುಹಿಸಬೇಡಿ. ಅದನ್ನೂ ಮೊದಲು ಮನೆಯಲ್ಲೇ ಪರೀಕ್ಷಿಸಿ, ಏಕೆಂದರೆ ಆ ಇಸವಿಯ ಅಸಲಿಗಿಂತ ನಕಲಿಯೇ ಹೆಚ್ಚು ಓಡಾಡುತ್ತದೆ. ಆಭರಣದ ತಕ್ಕಡಿಯಲ್ಲಿ ತೂಗಿ, ಅನಂತರ ನೂಲಿನಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿ; ಅಸಲಿ ಬೆಳ್ಳಿಯಾದರೆ ತೂಕ ಸುಮಾರು 1.13 ಗ್ರಾಂ ಕಡಿಮೆಯಾಗಬೇಕು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಎರಕದ ಗೆರೆ ಇದ್ದರೆ ಅಲ್ಲಿಗೆ ಮುಗಿಯಿತು. ಹನುಮಂತನ ನಾಣ್ಯದ ಬಗ್ಗೆ ಯೋಚಿಸಬೇಕಾಗಿಲ್ಲ; ಕಂಪನಿಯು ದೇವರ ಚಿತ್ರವಿರುವ ಅಂಥ ನಾಣ್ಯವನ್ನು 1818ರಲ್ಲಿ ಹೊರಡಿಸಿಯೇ ಇಲ್ಲ. ಅದಕ್ಕೆ ಅಕ್ಕಿಕಾಳನ್ನು ತನ್ನತ್ತ ಎಳೆಯುವ ಮಾಯಾಶಕ್ತಿಯಿದೆಯೆಂದು ನಂಬಿಸುವ ಮೋಸಗಾರರು ಯಾರಾದರೂ ಬಂದರೆ ಗೇಟು ತೆರೆಯಬೇಡಿ.

ರಥಬೀದಿಯ ತಕ್ಕಡಿ:
1911ರ ಮಾತನ್ನು ಒಪ್ಪುತ್ತೇನೆ. ಆದರೆ ಸಾವಿರದಲ್ಲಿ ಒಂದನ್ನು ಹಿಡಿದು ಉಳಿದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಆಸೆ ಹುಟ್ಟಿಸುವುದು ತಪ್ಪು. ವೈಷ್ಣೋದೇವಿಯ ಚಿತ್ರದ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆಂದು ನಂಬಿಸಿ ಮುಂಗಡ ಶುಲ್ಕ ಕೀಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಡಬೇಕಾಯಿತಲ್ಲವೇ? ಆ ಆಸೆಗಿಂತ ತಕ್ಕಡಿ ಪ್ರಾಮಾಣಿಕ.

ಬಾರ್ಕೂರು ದಾರಿ:
ತೂಕವೋ ದರ್ಜೆಯೋ ಎಂದು ವಾದಿಸುತ್ತಿರುವ ನೀವಿಬ್ಬರೂ ನಾಣ್ಯವನ್ನು ಅದರ ಡಬ್ಬಿಯಿಂದ ಹೊರಗೆ ತೆಗೆದೇ ಮಾತನಾಡುತ್ತಿದ್ದೀರಿ. ಹಿಂದೆ ನಮ್ಮ ಕರಾವಳಿಯನ್ನಾಳಿದ ಆಳುಪರ, ಎರಡು ಮೀನುಗಳ ಚಿತ್ರವಿರುವ ಗದ್ಯಾಣವೆಂಬ ಚಿನ್ನದ ನಾಣ್ಯವನ್ನೇ ನೋಡಿ; ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹದಿಂದ ಅದು ಯಾರದ್ದೆಂದು ತಿಳಿಯುತ್ತದೆ, ಆದರೆ ಎಲ್ಲಿ, ಯಾವುದರ ಜೊತೆ ಸಿಕ್ಕಿತೆಂಬ ವಿವರವಿಲ್ಲದ ಗದ್ಯಾಣದಿಂದ ಇತಿಹಾಸಕ್ಕೆ ಹೊಸದಾಗಿ ಏನೂ ದಕ್ಕುವುದಿಲ್ಲ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ, ಅವರೇ ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕಿನ (ಈಗಿನ ಯೂನಿಯನ್ ಬ್ಯಾಂಕ್) ನಾಣ್ಯ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಸಾಲಾಗಿ ನೋಡಿದರೆ, ಒಂಟಿ ನಾಣ್ಯಕ್ಕೂ ಸಾಲಿನಲ್ಲಿರುವ ನಾಣ್ಯಕ್ಕೂ ಇರುವ ಅಂತರ ತಿಳಿಯುತ್ತದೆ. ಆದ್ದರಿಂದ ಉದ್ಯಾವರದವರಿಗೆ ಎರಡು ಪ್ರಶ್ನೆಗಳು: ಡಬ್ಬಿಯೊಳಗೆ ಚೀಟಿಗಳೇನಾದರೂ ಇದ್ದವೇ? ಆನೆಯ ನಾಣ್ಯ ನೆಲ ಅಗೆಯುವಾಗ ಸಿಕ್ಕಿದ್ದೇ? ಹೂತಿಟ್ಟ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನಿರುವುದರಿಂದ ಎರಡನೆಯದನ್ನು ಕೇಳುತ್ತಿದ್ದೇನೆ.

ಉದ್ಯಾವರದ ಮೊಮ್ಮಗ:
ಎಲ್ಲರಿಗೂ ವಂದನೆಗಳು. 1939ರದ್ದು 10.4 ಗ್ರಾಂ ತೂಗಿತು, ಅಂಚಿನ ಸುತ್ತ ಗೆರೆಯೂ ಇದೆ. ನೆಂಟರಿಗೆ ಇನ್ನೂ ಹೇಳಿಲ್ಲ. ಚೀಟಿಗಳಿದ್ದವು. ಪ್ರತಿ ನಾಣ್ಯಕ್ಕೂ ಒಂದೊಂದು ಕಾಗದದ ಪೊಟ್ಟಣವಿತ್ತು, ಗೆದ್ದಲು ಹಿಡಿದ ಕಾಗದವೆಂದು ಎಲ್ಲವನ್ನೂ ಬಚ್ಚಲಿನ ಹಂಡೆಯ ಒಲೆಗೆ ಹಾಕಿದವನು ನಾನೇ. ನಿನ್ನೆ ಡಬ್ಬಿಯ ತಳದಲ್ಲಿ ಅಂಟಿಕೊಂಡಿದ್ದ ಮೂರು ಸಿಕ್ಕಿವೆ. ಒಂದರಲ್ಲಿ ಅಜ್ಜನ ಅಕ್ಷರದಲ್ಲಿ ‘ಆನೆ, ಹೊಸಂಗಡಿಯ ಗಾಡಿಯವನಿಂದ, ಎರಡಾಣೆಗೆ’ ಎಂದಿದೆ. ಅಗೆದು ಸಿಕ್ಕಿದ್ದಲ್ಲ. ಅದೃಷ್ಟವಶಾತ್ ಆ ಆನೆಯನ್ನು ನಾನಿನ್ನೂ ತಿಕ್ಕಿರಲಿಲ್ಲ. ಅದರ ಹಿಂದಿನ ಬರಹವನ್ನು ಓದುವುದು ಹೇಗೆ?

ಬಾರ್ಕೂರು ದಾರಿ:
ಅದು ಟಿಪ್ಪುವಿನ ಪೈಸೆಯಾಗಿದ್ದರೆ ಬರಹ ಪರ್ಷಿಯನ್ನಿನಲ್ಲಿದ್ದು, ಟಂಕಸಾಲೆಯ ಹೆಸರು ಅದರಲ್ಲೇ ಇರುತ್ತದೆ. ಹೊಸಂಗಡಿ ಘಾಟಿಯ ಮೇಲಿನ ಬಿದನೂರನ್ನು ಹೈದರನು 1763ರಲ್ಲಿ ಗೆದ್ದು ಹೈದರನಗರವೆಂದು ಕರೆದ ಮೇಲೆ ಅಲ್ಲಿ ಅಚ್ಚಾದ ನಾಣ್ಯಗಳ ಮೇಲೆ ‘ನಗರ’ ಎಂದೇ ಇದೆ. ಗಾಡಿಯವನು ಘಾಟಿ ಇಳಿದು ಬಂದವನಾದರೆ ಆ ಹೆಸರನ್ನೇ ಮೊದಲು ಹುಡುಕಿ ನೋಡಿ. 1787ರ ಸುಮಾರಿನಿಂದ ಟಿಪ್ಪುವಿನ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದು ನೆನಪಿರಲಿ. ಎಡದಿಂದ ಓದಿ ಗಾಬರಿಯಾದವರು ಬಹಳ ಮಂದಿ. ಕಿಟಕಿಯ ಬಳಿ ಓರೆಬಿಸಿಲಿನಲ್ಲಿ ಎರಡೂ ಬದಿಯ ಚಿತ್ರ ತೆಗೆದು ಹಾಕಿ. ಚೀಟಿಯ ಚಿತ್ರವನ್ನೂ ಹಾಕಿ.

ರಥಬೀದಿಯ ತಕ್ಕಡಿ:
ಉಳಿದ ಎರಡು ಚೀಟಿಗಳಲ್ಲಿ ಏನಿದೆಯೆಂದು ಬರೆಯಲೇ ಇಲ್ಲವಲ್ಲ?