ಪದಚರ್ಚೆ: ರೇಡ್‌ನ ‘ಪ್ಯಾರಿಟಿ’ಗೆ ‘ಸರಿಬೆಸ’ ಅನ್ನಬಹುದೇ?

ಗೆಳೆಯರಿಗೆ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಶಿವಮೊಗ್ಗದಲ್ಲಿರುವ ನಮ್ಮ ಭಾವ ಮದುವೆಗಳ ಫೋಟೊ, ವಿಡಿಯೊ ತೆಗೆಯುತ್ತಾರೆ. ಅವರ ಮನೆಯ ಕಂಪ್ಯೂಟರಿಗೆ ತಲಾ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಹಾಕಿ, ಲಿನಕ್ಸಿನಲ್ಲಿ ರೇಡ್ 5 ಮಾಡಿಕೊಟ್ಟಿದ್ದೆ. ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಂದೇ ದೊಡ್ಡ ಡಿಸ್ಕಿನಂತೆ ಜೋಡಿಸುವ ಏರ್ಪಾಡು; ರೇಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟರೂ ಫೈಲುಗಳು ಉಳಿಯುತ್ತವೆ. ಬಳಕೆಗೆ ಸಿಗುವುದು 12 ಟಿಬಿ. ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕೆಟ್ಟ ಡಿಸ್ಕಿನಲ್ಲಿದ್ದುದನ್ನು ಮರಳಿ ಪಡೆಯಲು ಬರೆದಿಡುವ ಲೆಕ್ಕಕ್ಕೆ ಹೋಗುತ್ತದೆ. ಜತೆಗೆ ಎರಡು ಪುಟದ ಕನ್ನಡ ಟಿಪ್ಪಣಿಯನ್ನೂ ಬರೆದುಕೊಟ್ಟೆ. ಅದರಲ್ಲಿದ್ದ ಒಂದು ವಾಕ್ಯ: “ಡಿಸ್ಕುಗಳ ನಡುವೆ ಸಮಾನತೆ ಕಾಯ್ದುಕೊಳ್ಳುವುದರಿಂದ, ಒಂದು ಕೆಟ್ಟರೂ ಫೈಲುಗಳು ಉಳಿಯುತ್ತವೆ.”

ಯಾವ ಕನ್ನಡಿಗರೂ ಓದುವ ಹಾಗೆಯೇ ಭಾವ ಅದನ್ನು ಓದಿದರು: ನಾಲ್ಕರಲ್ಲೂ ಒಂದೇ ಸಮ ಎಲ್ಲ ಫೋಟೊಗಳೂ ಇವೆ. ಕಳೆದ ತಿಂಗಳು ಆಲ್ಬಮ್ ಮಾಡುವವರಿಗೆ ಫೋಟೊ ಕೊಡಬೇಕಾಗಿ ಬಂದಾಗ ಒಂದು ಡಿಸ್ಕನ್ನು ಬಿಚ್ಚಿಕೊಂಡು ಹೋಗಿಬಿಟ್ಟರು. ಅಲ್ಲಿನ ವಿಂಡೋಸ್ ‘ಇನಿಷಿಯಲೈಸ್ ಮಾಡಲೇ?’ (ಹೊಸ ಡಿಸ್ಕಿನಂತೆ ಸಜ್ಜುಮಾಡಲೇ?) ಎಂದು ಕೇಳಿತು, ಅವರು ಹೂಂ ಒತ್ತಿದರು. ಆಮೇಲೆ ನನಗೆ ಫೋನ್ ಬಂತು. ಸ್ಥಿತಿ ತೋರಿಸುವ ಸಾಲನ್ನು ಓದಿಸಿದೆ. ನಾಲ್ಕು ‘ಯು’ ಅಕ್ಷರ ಇರಬೇಕಾದ ಕಡೆ ಮೂರು ‘ಯು’, ಒಂದು ಅಡಿಗೆರೆ. ಅಂದರೆ ಒಂದು ಡಿಸ್ಕ್ ಗುಂಪಿನಲ್ಲಿಲ್ಲ. ಡಿಸ್ಕನ್ನು ಹೊಸದೆಂಬಂತೆ ಸೇರಿಸಿ, ಉಳಿದ ಮೂರರಿಂದ ಅದನ್ನು ಮತ್ತೆ ತುಂಬಿಸಲು ಏಳು ಗಂಟೆಯ ಮೇಲೆ ಹಿಡಿಯಿತು. ಅಷ್ಟರೊಳಗೆ ಇನ್ನೊಂದು ಡಿಸ್ಕ್ ಕೈಕೊಟ್ಟಿದ್ದರೆ ಎಷ್ಟೋ ಮನೆಗಳ ಮದುವೆಯ ನೆನಪು ಹೋಗುತ್ತಿತ್ತು. ತಪ್ಪು ಭಾವನದಲ್ಲ, ನನ್ನ ಪದದ್ದು.

ಪ್ಯಾರಿಟಿ ಅಂದರೆ ಇಂಗ್ಲಿಷಿನಲ್ಲಿ ಎರಡು ಅರ್ಥ. ಸಂಬಳ, ಸ್ಥಾನಮಾನದ ಮಾತಿನಲ್ಲಿ ಸಮಾನತೆ; ಗಣಿತದಲ್ಲಿ ಒಂದು ಸಂಖ್ಯೆ ಸಮವೋ ಬೆಸವೋ ಎಂಬ ಗುಣ. ರೇಡ್‌ಗೆ ಬೇಕಾದದ್ದು ಎರಡನೆಯದು. ಮೂರು ಡಿಸ್ಕುಗಳಲ್ಲಿ 1, 0, 0 ಇದೆ ಅನ್ನಿ. ಒಂದುಗಳ ಎಣಿಕೆ ಬೆಸವಾಯಿತು, ಆದ್ದರಿಂದ ನಾಲ್ಕನೆಯದರಲ್ಲಿ 1 ಬರೆದು ಎಣಿಕೆಯನ್ನು ಸಮ ಮಾಡುತ್ತಾರೆ. ಮೊದಲನೆಯ ಡಿಸ್ಕ್ ಹೋಯಿತು. ಉಳಿದದ್ದು 0, 0, 1. ಎಣಿಕೆ ಸಮವಾಗಬೇಕಾದರೆ ಹೋದದ್ದು 1 ಆಗಿರಲೇಬೇಕು. ಇಷ್ಟೇ ಗುಟ್ಟು. ರೇಡ್ 5ರಲ್ಲಿ ಈ ಲೆಕ್ಕದ ತುಂಡುಗಳು ಒಂದೇ ಡಿಸ್ಕಿನಲ್ಲಿ ಕೂರದೆ ನಾಲ್ಕರಲ್ಲೂ ಸರದಿಯ ಮೇಲೆ ಹಂಚಿಹೋಗಿರುತ್ತವೆ.

ಇದನ್ನು ಭಾವನಿಗೆ ವಿವರಿಸುವಾಗ ಅಕ್ಕ ಪಕ್ಕದಿಂದ, “ಹುಣಸೆಬೀಜ ಮುಷ್ಟೀಲಿ ಹಿಡ್ಕೊಂಡು ಸರಿಯೋ ಬೆಸವೋ ಅಂತ ಆಡ್ತಿದ್ವಲ್ಲ, ಅದೇ ಅಲ್ವೇನೋ?” ಅಂದಳು. ಅದೇ! ಶಾಲೆಯ ಪುಸ್ತಕದ ‘ಸಮ’ ಬಿಟ್ಟು ಆಟದ ‘ಸರಿ’ ಹಿಡಿದರೆ ‘ಸರಿಬೆಸ’ ಎಂಬ ಜೋಡುಪದ ಕೈಗೆ ಸಿಗುತ್ತದೆ, ಸಮಾನತೆಯ ಗೊಂದಲವೂ ತಪ್ಪುತ್ತದೆ. ‘ಸರಿಬೆಸದ ತುಂಡು’, ‘ಸರಿಬೆಸ ಲೆಕ್ಕ’ ಎಂದೆಲ್ಲ ಸಲೀಸಾಗಿ ಬರೆಯಬಹುದು.

ಆದರೆ ಎರಡು ತೊಡಕುಗಳಿವೆ. ‘ಸರಿ’ಗೆ ‘ತಪ್ಪಿಲ್ಲದ್ದು’ ಎಂಬ ಅರ್ಥವೂ ಇರುವುದರಿಂದ ‘ಸರಿಬೆಸ ಸರಿಯಾಗಿದೆ’ ಎಂಬಂಥ ವಾಕ್ಯ ಎಡವುತ್ತದೆ. ಇನ್ನೊಂದು ದೊಡ್ಡದು. ರೇಡ್ 6 ಎರಡು ಡಿಸ್ಕ್ ಹೋದರೂ ತಡೆದುಕೊಳ್ಳುತ್ತದೆ. ಅದರಲ್ಲಿ ಎರಡು ಪ್ಯಾರಿಟಿ ಇರುತ್ತವೆ. ಮೊದಲನೆಯದು ನಿಜವಾಗಿ ಸರಿಬೆಸವೇ, ಎರಡನೆಯದು ಅಲ್ಲ. ಅದು ರೀಡ್-ಸಾಲಮನ್ ಬಗೆಯ, ಬೇರೆಯೇ ಬೀಜಗಣಿತದ ಲೆಕ್ಕ. ಅದನ್ನೂ ಪ್ಯಾರಿಟಿ ಎನ್ನುವ ಇಂಗ್ಲಿಷ್ ತನ್ನ ಪದವನ್ನು ಹಿಗ್ಗಿಸಿಕೊಂಡಿದೆ. ನಾವೂ ‘ಎರಡನೇ ಸರಿಬೆಸ’ ಅನ್ನೋಣವೇ? ‘ತಾಳೆ’ ಎಂಬ ಪದವನ್ನೂ ಯೋಚಿಸಿದೆ: ತಾಳೆತುಂಡು, ತಾಳೆಲೆಕ್ಕ. ತಾಳೆ ನೋಡುವುದರಲ್ಲಿ ತಪ್ಪು ಪತ್ತೆಹಚ್ಚುವ ಅರ್ಥ ಇದೆ, ಕಳೆದದ್ದನ್ನು ಮರಳಿ ಪಡೆಯುವ ಅರ್ಥ ಇಲ್ಲ. ನನ್ನ ಒಲವು ಸರಿಬೆಸದ ಕಡೆಗೇ.

ಉಳಿದ ಪದಗಳಲ್ಲಿ ಹೆಚ್ಚಿನ ತಕರಾರಿಲ್ಲ. ಫೈಲನ್ನು ತುಂಡು ಮಾಡಿ ಡಿಸ್ಕುಗಳಿಗೆ ಹಂಚುವ ಸ್ಟ್ರೈಪಿಂಗ್‌ಗೆ ‘ಪಟ್ಟೆ’, ಒಂದರಲ್ಲಿದ್ದುದನ್ನೇ ಇನ್ನೊಂದರಲ್ಲೂ ಬರೆಯುವ ಮಿರರಿಂಗ್‌ಗೆ ‘ಪಡಿಯಚ್ಚು’ ಇಟ್ಟುಕೊಂಡಿದ್ದೇನೆ. ‘ಪಟ್ಟಿ’ ಬೇಡ, ಅದು ಯಾದಿಯಾಗುತ್ತದೆ. ರೇಡ್‌ನ ಮೊದಲ ಅಕ್ಷರದ ‘ರಿಡಂಡೆಂಟ್’ಗೆ ‘ಅನಗತ್ಯ’ ಎಂದು ಬರೆದರೆ ಅರ್ಥವೇ ತಲೆಕೆಳಗು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ತಮ್ಮ ಪ್ರಬಂಧದಲ್ಲಿ ಆ ಹೆಸರಿಟ್ಟಾಗ ಅಗ್ಗದ ಡಿಸ್ಕುಗಳನ್ನು ನಂಬುವಂತೆ ಮಾಡುತ್ತಿದ್ದುದೇ ಆ ಹೆಚ್ಚುವರಿ. ದಸರೆಗೆ ಬಿಡುವ ಹೆಚ್ಚುವರಿ ಬಸ್ಸನ್ನು ಯಾರೂ ಅನಗತ್ಯ ಅನ್ನುವುದಿಲ್ಲ, ಹಾಗಾಗಿ ‘ಹೆಚ್ಚುವರಿ’ ಸಾಕು. ಹಾಟ್ ಸ್ಪೇರ್ ಎಂಬ ಬದಲಿ ಡಿಸ್ಕಿಗೆ ‘ಸ್ಟೆಪ್ನಿ’ ಅನ್ನಲು ಆಸೆಯಿತ್ತು, ಆದರೆ ಸ್ಟೆಪ್ನಿಯನ್ನು ನಾವೇ ಇಳಿದು ಹಾಕಬೇಕು. ಹಾಟ್ ಸ್ಪೇರ್ ಆಗಲೇ ಜೋಡಿಸಿಕೊಂಡು ಕಾಯುತ್ತಿದ್ದು ತಾನೇ ಕೆಲಸಕ್ಕೆ ಇಳಿಯುತ್ತದೆ. ಕಪಾಟಿನಲ್ಲಿ ಇಟ್ಟ ಡಿಸ್ಕ್ ಬೇಕಾದರೆ ಸ್ಟೆಪ್ನಿ.

ನನ್ನ ಪ್ರಶ್ನೆಗಳು ಇವು. ನಿಮ್ಮ ಕಡೆ ಆ ಬೀಜದ ಆಟಕ್ಕೆ ಏನನ್ನುತ್ತೀರಿ? ಉತ್ತರ ಕರ್ನಾಟಕ, ಕರಾವಳಿಯವರು ‘ಸರಿಬೆಸ’ ಎಂದರೆ ತಟ್ಟನೆ ಹಿಡಿಯುತ್ತಾರೆಯೇ? ರೇಡ್ 6ರ ಎರಡನೆಯದಕ್ಕೆ ಬೇರೆ ಹೆಸರು ಹೊಳೆಯುತ್ತದೆಯೇ? ತಿದ್ದಿದ ಟಿಪ್ಪಣಿಯನ್ನು ಈ ಭಾನುವಾರ ಭಾವನಿಗೆ ಕಳಿಸಬೇಕು. ಅದರ ಮೊದಲ ಸಾಲನ್ನಂತೂ ಬರೆದಾಗಿದೆ: “ಯಾವ ಡಿಸ್ಕಿನಲ್ಲೂ ಒಂದು ಪೂರ್ತಿ ಫೋಟೊ ಇರುತ್ತದೆಂದು ನಂಬಿ ಅದನ್ನು ಬಿಚ್ಚಬೇಡಿ, ಬೇರೆಯವರಿಗೆ ಕೊಡುವ ಪ್ರತಿಯನ್ನು ಬೇರೆಯೇ ಡಿಸ್ಕಿಗೆ ಹಾಕಿ.”