ಪದಚರ್ಚೆ: ‘ಕೈ ಇಸುಬು’ ಅಂದರೆ ಸಾಕೇ? ‘ವೆಟ್ ವರ್ಕ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಮ್ಮ ತೀರ್ಥಹಳ್ಳಿ ಕಡೆಯ ಹೆಂಗಸರಿಗಾಗಿ ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ವಿಷಯ, ಕೈಗೆ ಬಂದು ಬಿಡದೆ ಕಾಡುವ ಎಕ್ಸಿಮಾ, ಅಂದರೆ ಚರ್ಮ ಉರಿದು ತುರಿಸುವ ಇಸುಬು. ಮೂರು ಇಂಗ್ಲಿಷ್ ಪದಗಳಿಗೆ ಸರಿಯಾದ ಕನ್ನಡ ಸಿಗದೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಹೆಸರು. ನಮ್ಮ ಚಿಕ್ಕಮ್ಮನಿಗೆ ಇದು ಹತ್ತು ವರ್ಷದಿಂದ ಇದೆ. ಬೆರಳ ಸಂದಿಯಲ್ಲಿ ಸಾಸಿವೆ ಕಾಳಿನಂಥ ನೀರುಗುಳ್ಳೆ, ಆಮೇಲೆ ಚರ್ಮ ಸುಲಿದು ಅಂಗೈ ಬಿರುಕು. ಅಡಿಕೆ ಸುಲಿಗೆ ಶುರುವಾದರೆ ಮುಗಿದೇ ಹೋಯಿತು. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಾರೆ, ಕೈಗೆ ಹತ್ತಿದ ಕರೆ ಹೋಗಲಿ ಅಂತ ಬೆಳಿಗ್ಗೆ ಸೋಪಿನ ಪುಡಿ ಹಾಕಿ ಉಜ್ಜುತ್ತಾರೆ. ಕರೆ ಹೋಗುವುದಿಲ್ಲ, ಚರ್ಮ ಹೋಗುತ್ತದೆ. ಊರವರು ಇದಕ್ಕೆ ‘ಕಜ್ಜಿ’ ಅಂದುಬಿಟ್ಟರು. ಹೋದ ವರ್ಷ ಒಂದು ಮದುವೆ ಮನೆಯಲ್ಲಿ ಬಡಿಸಲು ನಿಂತರೆ, ‘ನೀವು ಕೂತ್ಕಳಿ ಅತ್ತಿಗೆ, ನಾವು ಬಡಿಸ್ತೀವಿ’ ಅಂತ ಕೈಯಿಂದ ಸೌಟು ತೆಗೆದುಕೊಂಡರಂತೆ. ಕಜ್ಜಿ ಹುಳದಿಂದ ಬರುವುದು, ಮುಟ್ಟಿದರೆ ಹರಡುತ್ತದೆ. ಎಕ್ಸಿಮಾ ಹರಡುವುದಿಲ್ಲ. ಒಂದು ಪದದ ತಪ್ಪಿಗೆ ಚಿಕ್ಕಮ್ಮ ಪಂಕ್ತಿಯ ಹೊರಗೆ.

‘ಇಸುಬು’ ನನಗೆ ಇಷ್ಟ. ಆದರೆ ನಮ್ಮಲ್ಲಿ ಕೆಲವು ಹಿರಿಯರು ಹುಳುಕಡ್ಡಿಗೂ ಇಸುಬು ಅನ್ನುತ್ತಾರೆ, ಅದು ಹರಡುವಂಥದ್ದೇ. ಇನ್ನು ‘ನಂಜು’ ಅಂದರೆ ತಕ್ಷಣ ಬದನೆಕಾಯಿ ತಿನ್ನುವುದನ್ನು ಬಿಡಿಸುತ್ತಾರೆ, ಸೋಪಿನ ಪುಡಿ ಹಾಗೇ ಉಳಿಯುತ್ತದೆ! ಹಾಗಾಗಿ ‘ಕೈ ಇಸುಬು’ ಅಂತಲೇ ಬರೆದು, ಪಕ್ಕದಲ್ಲೇ ‘ಅಂಟುವುದಿಲ್ಲ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೇನೆ. ‘ಕ್ರಾನಿಕ್’ಗೆ ‘ಬಿಡದ’ ಸಾಕು ಅಲ್ವಾ? 3 ತಿಂಗಳಿಗಿಂತ ಜಾಸ್ತಿ ಇದ್ದರೆ, ಇಲ್ಲ ವರ್ಷದಲ್ಲಿ 2 ಸಲವೋ ಹೆಚ್ಚೋ ಮರಳಿ ಬಂದರೆ ಹಾಗೆ ಕರೆಯುತ್ತಾರೆ.

ಎರಡನೆಯದು ‘ಅಸೋಸಿಯೇಟೆಡ್ ಫ್ಯಾಕ್ಟರ್’, ಅಂದರೆ ಕಾಯಿಲೆಯ ಜೊತೆಜೊತೆಗೆ ಕಾಣಿಸುವ, ಆದರೆ ಅದಕ್ಕೆ ಕಾರಣವೇ ಆಗಿರಬೇಕಿಲ್ಲದ ಸಂಗತಿ. ‘ಸಂಬಂಧಿತ ಅಂಶಗಳು’ ಅಂತ ಬರೆದರೆ ಯಾರೂ ಓದುವುದಿಲ್ಲ. ‘ಕಾರಣ’ ಅಂದರೆ ಸುಳ್ಳಾಗುತ್ತದೆ. ಚಿಕ್ಕಂದಿನಲ್ಲಿ ಮೈಮೇಲೆ ಇಸುಬು ಇದ್ದವರಿಗೆ ದೊಡ್ಡವರಾದ ಮೇಲೆ ಕೈಗೆ ಬರುವುದು ಜಾಸ್ತಿ, ಆದರೆ ಎಲ್ಲರಿಗೂ ಬರುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಹೆಚ್ಚು ಅಂತ ಕೆಲವು ಅಧ್ಯಯನ ಹೇಳುತ್ತವೆ, ಕೆಲವು ಇಲ್ಲ ಅನ್ನುತ್ತವೆ. ಅದನ್ನು ಕಾರಣ ಅನ್ನಲು ಬರುತ್ತದೆಯೇ? ‘ಕುಮ್ಮಕ್ಕು’ ನೆನಪಾಯಿತು. ಚೆನ್ನಾಗಿದೆ, ಆದರೆ ಅಪರಾಧ ಹೊರಿಸಿದ ಹಾಗೆ. ಸದ್ಯಕ್ಕೆ ‘ನಂಟು’ ಇಟ್ಟುಕೊಂಡಿದ್ದೇನೆ: ‘ಕೈ ಇಸುಬಿಗೂ ಸಿಮೆಂಟಿನ ಕೆಲಸಕ್ಕೂ ನಂಟಿದೆ.’ ನಂಟರೆಲ್ಲ ಮನೆ ಹಾಳು ಮಾಡುವುದಿಲ್ಲವಲ್ಲ. ಗಿಲೀಟಿನ ಬಳೆಯ ನಿಕಲ್, ರಬ್ಬರ್ ಕೈಗವಸು, ಒಣ ಚಳಿ ಎಲ್ಲವೂ ಈ ಪದದೊಳಗೆ ಕೂರುತ್ತವೆ.

ನಿಜವಾಗಿ ಸೋತಿದ್ದು ಮೂರನೆಯದರಲ್ಲಿ, ‘ವೆಟ್ ವರ್ಕ್’. ಕೈ ಇಸುಬಿನ ದೊಡ್ಡ ನಂಟು ಇದೇ. ದಿನಕ್ಕೆ ಸುಮಾರು 2 ಗಂಟೆ ಕೈ ನೀರಲ್ಲಿರುವುದು, ಅಥವಾ 20 ಸಲಕ್ಕಿಂತ ಹೆಚ್ಚು ಕೈ ತೊಳೆಯುವುದು ಈ ಲೆಕ್ಕಕ್ಕೆ ಬರುತ್ತದೆ. ‘ಒದ್ದೆ ಕೆಲಸ’ ಕನ್ನಡವೇ ಅಲ್ಲ. ‘ನೀರಿನ ಕೆಲಸ’ ಅಂದರೆ ಪಂಚಾಯ್ತಿಯಲ್ಲಿ ನೀರು ಬಿಡುವವನ ಕೆಲಸ ಅಂದುಕೊಂಡರು, ಕೇಳಿ ನೋಡಿದೆ. ‘ಮುಸುರೆ ಕೆಲಸ’ ಅಡುಗೆಮನೆಗೆ ಸರಿ, ಚಿಕ್ಕಮ್ಮ ಆ ಪದ ಕೇಳಿದ ತಕ್ಷಣ ತಲೆಯಾಡಿಸಿದರು. ಆದರೆ ಹಾಲು ಕರೆಯುವವರು, ನರ್ಸುಗಳು, ಸಲೂನಿನಲ್ಲಿ ತಲೆ ತೊಳೆಯುವ ಹುಡುಗರು ಮುಸುರೆಯೊಳಗೆ ಬರುವುದಿಲ್ಲ. ಇನ್ನೊಂದು ತೊಡಕು: ಕೈಗವಸು ಹಾಕಿಕೊಂಡು ಗಂಟೆಗಟ್ಟಲೆ ಇದ್ದರೂ ಒಳಗೆ ಬೆವರಿ ಕೈ ನೆನೆಯುತ್ತದೆ, ಅದನ್ನೂ ಇದರಲ್ಲೇ ಸೇರಿಸುತ್ತಾರೆ. ಅಲ್ಲಿ ಹೊರಗಿನ ನೀರಿನ ಹನಿಯೂ ಇಲ್ಲ.

‘ಕೈ ನೆನೆಯುವ ಕೆಲಸ’ ಅಂತ ಬರೆದು ಹೊಡೆದು ಹಾಕಿದ್ದೇನೆ, ಮತ್ತೆ ಬರೆದಿದ್ದೇನೆ. ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ಯಾರಾದರೂ ಇದ್ದೀರಾ? ಇಡೀ ದಿನ ನೀರಲ್ಲಿದ್ದು ಕೈ ಬಿಳಿಚಿ ನೆರಿಗೆ ಬಿದ್ದರೆ ನಿಮ್ಮ ಮನೆಯಲ್ಲಿ ಏನಂತಾರೆ? ಆ ಪದ ಸಿಕ್ಕಿದರೆ ಅದರಿಂದಲೇ ಒಂದು ಹೆಸರು ಕಟ್ಟಬಹುದು.